288 ಎಂದು ಬರೆದ ಹುಡುಗನಿಗೆ ಅನುಮಾನ ಏಕೆ ಬರಲಿಲ್ಲ?

ಪ್ರಾಥಮಿಕ ಶಾಲೆಯ ಗಣಿತದ ಬಗ್ಗೆ ನಮ್ಮ ಕಡೆ ಮಾತು ಶುರುವಾದರೆ ಕೇಳಿಬರುವುದು ಎರಡೇ ದೂರು. ಮಕ್ಕಳಿಗೆ ಮಗ್ಗಿ ಬರುವುದಿಲ್ಲ, ಭಾಗಾಕಾರ ಬರುವುದಿಲ್ಲ. ಚಿಂತಾಮಣಿ ಪೇಟೆಯಲ್ಲಿ ಅಬ್ಯಾಕಸ್ ತರಗತಿಗೆ ದುಡ್ಡು ಕಟ್ಟುವವರದೂ ಹಳ್ಳಿಯ ಸರ್ಕಾರಿ ಶಾಲೆಗೆ ಕಳಿಸುವವರದೂ ಈ ವಿಷಯದಲ್ಲಿ ಒಂದೇ ದನಿ. ನಾನು ಇದನ್ನು ಒಪ್ಪುವುದಿಲ್ಲ. ಮಗ್ಗಿ ಚೆನ್ನಾಗಿ ಬರುವ ಮಕ್ಕಳೇ ತಪ್ಪು ಉತ್ತರ ಬರೆದು ನೆಮ್ಮದಿಯಾಗಿ ಕುಳಿತಿರುವುದನ್ನು ನೋಡುತ್ತಿದ್ದೇನೆ. ನನಗೆ ಆತಂಕವಾಗುವುದು ಆ ನೆಮ್ಮದಿಯನ್ನು ಕಂಡು.

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯನಾಗಿರುವುದರಿಂದ ಆಗಾಗ ಐದನೇ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳುತ್ತೇನೆ. ಒಮ್ಮೆ ಮೇಷ್ಟರ ಅನುಮತಿ ಪಡೆದು ಒಂದು ಲೆಕ್ಕ ಕೊಟ್ಟೆ. ಟೊಮೆಟೊ ಬಾಕ್ಸ್ ಒಂದಕ್ಕೆ 15 ಕೆ.ಜಿ., ಅಂಥ 48 ಬಾಕ್ಸ್ ಮಂಡಿಗೆ ಹೋದರೆ ಒಟ್ಟು ಎಷ್ಟು ಕೆ.ಜಿ.? ಒಬ್ಬ ಹುಡುಗ ‘ಎಂಟೈದಲೆ ನಲವತ್ತು’ ಎಂದು ಗುನುಗುತ್ತಾ ಎಲ್ಲರಿಗಿಂತ ಮೊದಲು ಮುಗಿಸಿದ. ಮೊದಲ ಸಾಲಿನಲ್ಲಿ 240. ಅದರ ಕೆಳಗೆ, ಒಂದು ಮನೆ ಎಡಕ್ಕೆ ಸರಿಸದೆ, ನೇರವಾಗಿ 48. ಕೂಡಿದಾಗ 288. ಮಗ್ಗಿಯಲ್ಲಿ ತಪ್ಪಿಲ್ಲ, ಕೂಡುವುದರಲ್ಲಿ ತಪ್ಪಿಲ್ಲ. ಹದಿನೈದರಲ್ಲಿರುವ 1 ಎಂದರೆ ಹತ್ತು ಎಂಬುದೊಂದು ತಪ್ಪಿಹೋಗಿತ್ತು. ಬಾಕ್ಸಿಗೆ ಬರೀ ಹತ್ತು ಕೆ.ಜಿ. ತುಂಬಿದರೂ 480 ಆಗಬೇಕು, ಹದಿನೈದು ತುಂಬಿದರೆ 288 ಹೇಗಾದೀತು? ಆ ಹುಡುಗನ ಮನೆಯಲ್ಲಿ ಟೊಮೆಟೊ ಬೆಳೆಯುತ್ತಾರೆ. ಬಾಕ್ಸ್ ಎತ್ತಿ ಇಳಿಸುವುದು ಅವನಿಗೆ ಹೊಸದಲ್ಲ. ಆದರೂ ಅವನು ಪುಸ್ತಕವನ್ನು ನನ್ನ ಮುಂದೆ ಹಿಡಿದು, ಸರಿಯೋ ತಪ್ಪೋ ಎಂದು ನನ್ನ ಮುಖ ನೋಡಿದ.

ಪ್ರಾಥಮಿಕ ಗಣಿತದ ಗುರಿ ಏನು ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಇಷ್ಟೇ: ಐದನೇ ತರಗತಿ ಮುಗಿಸುವಷ್ಟರಲ್ಲಿ ಮಗು ತನ್ನ ಉತ್ತರ ನಂಬುವಂಥದ್ದೇ ಎಂಬುದನ್ನು ಯಾರ ಮುಖವನ್ನೂ ನೋಡದೆ ಹೇಳಬೇಕು.

ಇದು ನಾನು ಕಂಡುಹಿಡಿದ ಮಾತೇನೂ ಅಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಗಣಿತಕ್ಕೆ ಎರಡು ಗುರಿಗಳನ್ನು ಹೇಳಿತ್ತು. ಕಿರಿದಾದದ್ದು ಬದುಕಿಗೆ ಬೇಕಾದ ಸಂಖ್ಯೆ, ಅಳತೆ, ದಶಮಾಂಶ, ಶೇಕಡಾ ಲೆಕ್ಕ. ಹಿರಿದಾದದ್ದು ಗಣಿತದ ರೀತಿಯಲ್ಲಿ ಯೋಚಿಸುವ, ಕಾರಣ ಕೊಡುವ, ಒಂದು ಊಹೆಯನ್ನು ಅದರ ತಾರ್ಕಿಕ ಕೊನೆಯವರೆಗೆ ಒಯ್ಯುವ ಶಕ್ತಿ. 2021ರಲ್ಲಿ ಬಂದ ಕೇಂದ್ರದ ನಿಪುಣ್ ಭಾರತ್ ಯೋಜನೆ 2026–27ರೊಳಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಓದು, ಬರಹ, ಲೆಕ್ಕದ ಬುನಾದಿ ಸಿಗಬೇಕೆಂದಿತು. ಕಾಗದದ ಮೇಲೆ ಕೊರತೆ ಇಲ್ಲ. ತರಗತಿಯೊಳಗೆ ಬಂದಾಗ ಹಿರಿಯ ಗುರಿ ಬಾಗಿಲಾಚೆ ಉಳಿದು, ಕಿರಿಯದು ಮಾತ್ರ, ಅದೂ ‘ಪಾಠ ಮುಗಿಯಿತೇ’ ಎಂಬ ಅವಸರದಲ್ಲಿ ಒಳಬರುತ್ತದೆ.

ದಶಮಾಂಶದ ವಿಷಯ ನನ್ನನ್ನು ಹೆಚ್ಚು ಕಾಡುತ್ತದೆ, ಏಕೆಂದರೆ ನಮ್ಮೂರ ಹಾಲಿನ ಡೇರಿಯ ಲೆಕ್ಕ ಬರೆಯುವವನು ನಾನು. ಯಂತ್ರ ಕೊಡುವ ಚೀಟಿಯಲ್ಲಿ ಕೊಬ್ಬಿನ ಅಂಶ, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ಎರಡೂ ದಶಮಾಂಶದಲ್ಲೇ ಇರುತ್ತವೆ. ಒಂದು ಬೆಳಿಗ್ಗೆ ಅಜ್ಜಿಯ ಜೊತೆ ಹಾಲು ತಂದ ಹುಡುಗಿ ಚೀಟಿ ಓದಿ, ‘ನಿನ್ನೆ 8.5 ಇತ್ತು, ಇವತ್ತು 8.45, ಜಾಸ್ತಿ ಆಗಿದೆ’ ಎಂದಳು. ಐದಕ್ಕಿಂತ ನಲವತ್ತೈದು ದೊಡ್ಡದಲ್ಲವೇ ಎಂಬುದು ಅವಳ ವಾದ. ಓದು ಬಾರದ ಅಜ್ಜಿ ತಕ್ಷಣ ಹೇಳಿದರು: ‘ನಿನ್ನೆ ಎಂಟೂವರೆ ಇತ್ತು ಕಣೇ, ಇವತ್ತು ಅಷ್ಟು ಇಲ್ಲ.’ ಆ ಹುಡುಗಿಗೆ ದಶಮಾಂಶ ಬಿಂದು ಗೊತ್ತು, ಬಿಂದುವನ್ನು ಒಂದರ ಕೆಳಗೊಂದು ಇಟ್ಟು ಕೂಡುವುದೂ ಗೊತ್ತು. 8.5 ಎಂದರೆ ಎಂಟರ ಮೇಲೆ ಅರ್ಧ ಎಂದು ಮಾತ್ರ ಯಾರೂ ತೋರಿಸಿರಲಿಲ್ಲ. ದರ್ಜಿಯ ಟೇಪು ಬಿಚ್ಚಿ ಅರ್ಧ ಮೀಟರ್ ಎಲ್ಲಿ, 45 ಸೆಂಟಿಮೀಟರ್ ಎಲ್ಲಿ ಎಂದು ಬೆರಳಿಟ್ಟು ತೋರಿಸಿದ್ದರೆ 0.5, 0.45 ಎರಡರಲ್ಲಿ ಯಾವುದು ದೊಡ್ಡದೆಂಬ ಪ್ರಶ್ನೆ ಅಲ್ಲೇ ಮುಗಿಯುತ್ತಿತ್ತು.

ಹಾಗಾಗಿ ನಾನು ಕೇಳುವುದು ಹೆಚ್ಚು ಪಾಠಗಳನ್ನಲ್ಲ. ಮೂರು, ನಾಲ್ಕು, ಐದನೇ ತರಗತಿಗಳಲ್ಲಿ ಸ್ಥಾನಬೆಲೆ, ಭಿನ್ನರಾಶಿ, ದಶಮಾಂಶ, ಅಳತೆ ಇವಕ್ಕೆ ಈಗ ಕೊಡುವುದರ ಎರಡರಷ್ಟು ಸಮಯ ಕೊಡಿ. ಅಂದಾಜನ್ನು ಒಂದು ಪಾಠದೊಳಗೆ ಕಟ್ಟಿಹಾಕದೆ ಪ್ರತಿ ಲೆಕ್ಕಕ್ಕೂ ಮೊದಲು ಹಚ್ಚಿ. ಐದಂಕಿ ಸಂಖ್ಯೆಗಳ ಉದ್ದುದ್ದ ಗುಣಾಕಾರಗಳನ್ನು ಬೇಕಾದರೆ ಕಡಿಮೆ ಮಾಡಿ.

ಅಳತೆ ಎಂದರೆ ನಮ್ಮ ಜಿಲ್ಲೆಯಲ್ಲಿ ಮೊದಲು ನೆನಪಾಗುವುದು ಜಮೀನು. ಗುಂಟೆ ಎಂಬ ಮಾತನ್ನು ಕೇಳದ ಮಗುವಿಲ್ಲ. ಆದರೆ ಒಂದು ಗುಂಟೆ ಎಷ್ಟಿರುತ್ತದೆ ಎಂದು ನಿಂತು ನೋಡಿದ ಮಗು ಅಪರೂಪ. ಶಾಲೆಯ ಅಂಗಳದಲ್ಲಿ ಹಗ್ಗ ಹಿಡಿದು 33 ಅಡಿ ಉದ್ದ, 33 ಅಡಿ ಅಗಲದ ಚೌಕ ಹಾಕಿಸಿ. 1,089 ಚದರ ಅಡಿ, ಅದು ಒಂದು ಗುಂಟೆ. ಇಂಥ ನಲವತ್ತು ಸೇರಿದರೆ ಒಂದು ಎಕರೆ, 43,560 ಚದರ ಅಡಿ. ಈಗ ಅದೇ ಹಗ್ಗದಿಂದ 99 ಅಡಿ ಉದ್ದ, 11 ಅಡಿ ಅಗಲದ ಪಟ್ಟಿ ಹಾಕಿಸಿ. ಗುಣಿಸಿದರೆ ಅದೂ 1,089, ಅದೂ ಒಂದು ಗುಂಟೆಯೇ. ಸುತ್ತ ಬೇಲಿ ಹಾಕಬೇಕೆಂದರೆ? ಚೌಕಕ್ಕೆ 132 ಅಡಿ ಸಾಕು, ಪಟ್ಟಿಗೆ 220 ಅಡಿ ಬೇಕು. ಅಣ್ಣತಮ್ಮಂದಿರು ಭಾಗ ಮಾಡಿಕೊಂಡಾಗ ಉದ್ದನೆಯ ಪಟ್ಟಿ ಪಾಲಿಗೆ ಬಂದವನಿಗೆ ಬೇಲಿಯ ಖರ್ಚು ಏಕೆ ಹೆಚ್ಚು ಎಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ವಿಸ್ತೀರ್ಣ ಬೇರೆ, ಸುತ್ತಳತೆ ಬೇರೆ ಎಂದು ಹಲಗೆಯ ಮೇಲೆ ಎಷ್ಟು ಸಲ ಬರೆದರೂ ಹತ್ತದ್ದು ಒಂದು ಹಗ್ಗದಿಂದ ಹತ್ತುತ್ತದೆ.

ಒಂದರಿಂದ ಮೂರನೇ ತರಗತಿಯವರೆಗೆ ನಲಿ-ಕಲಿ ಇದೆ. ಇಲ್ಲಿಂದ ಗಡಿ ದಾಟಿದರೆ ಸಿಗುವ ಮದನಪಲ್ಲಿ ಬಳಿಯ ರಿಷಿ ವ್ಯಾಲಿ ಶಾಲೆಯ ಮಾದರಿಯನ್ನು ನೋಡಿ, 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶಿಕ್ಷಕರೇ ಬೆಳೆಸಿದ ಪದ್ಧತಿ ಅದು. ಅಲ್ಲಿ ಮಗು ಮುಟ್ಟಿ, ಜೋಡಿಸಿ ಕಲಿಯುತ್ತದೆ. ನಾಲ್ಕಕ್ಕೆ ಬಂದ ಕೂಡಲೇ ಸಾಲಾಗಿ ಕೂತು ಹಲಗೆ ನೋಡಿ ಬರೆದುಕೊಳ್ಳುತ್ತದೆ. ಮನೆಯಲ್ಲಿ ತೆಲುಗು ಮಾತನಾಡುವ ನಮ್ಮ ಮಕ್ಕಳಿಗೆ ಕೈಯಲ್ಲಿ ಹಿಡಿಯುವ ವಸ್ತು ಇದ್ದಷ್ಟು ಒಳ್ಳೆಯದು. ನಾಲ್ಕು, ಐದಕ್ಕೆಂದೇ ಗಣಿತ ಕಲಿಕಾ ಆಂದೋಲನ ಎಂಬ ಕಾರ್ಯಕ್ರಮದ ಕಲಿಕಾ ಸಾಮಾನಿನ ಪೆಟ್ಟಿಗೆ ಶಾಲೆಗಳಿಗೆ ಬಂದಿದೆ. ನಾನು ಬಲ್ಲ ಒಂದು ಶಾಲೆಯಲ್ಲಿ ಅದು ಬೀರುವಿನೊಳಗಿದೆ. ಕಳೆದುಹೋದರೆ ಯಾರು ಜವಾಬ್ದಾರಿ ಎಂಬ ಭಯ. ಸಾಮಾನು ಕಳೆದರೆ ಶಿಕ್ಷಕರ ತಲೆಗೆ ಕಟ್ಟುವುದಿಲ್ಲ ಎಂದು ನಾವು, ಪೋಷಕರು, ಬರೆದುಕೊಡಬೇಕು. ಅಷ್ಟಾದರೆ ಪೆಟ್ಟಿಗೆ ಹೊರಬರುತ್ತದೆ.

ಮಗ್ಗಿ ಬೇಡ ಎನ್ನುವವನಲ್ಲ ನಾನು. ಇಪ್ಪತ್ತರವರೆಗೂ ಬಾಯಿಗೆ ಬರಲಿ, ಸಂತೋಷ. ಆದರೆ 12 ಏಳಲೆ ಮರೆತರೆ ಹತ್ತೇಳಲೆ ಎಪ್ಪತ್ತಕ್ಕೆ ಎರಡೇಳಲೆ ಹದಿನಾಲ್ಕು ಸೇರಿಸಿ 84 ಎನ್ನುವ ದಾರಿಯೂ ಮಗುವಿಗೆ ಗೊತ್ತಿರಲಿ. ಆ ದಾರಿ ಗೊತ್ತಿದ್ದವನು 288 ಬರೆಯುವುದಿಲ್ಲ.

ಉಳಿದದ್ದು ಪರೀಕ್ಷೆ. 2024ರಲ್ಲಿ ಐದನೇ ತರಗತಿಗೂ ಬೋರ್ಡ್ ಮಾದರಿ ಪರೀಕ್ಷೆ ನಡೆದು ವಿಷಯ ಸುಪ್ರೀಂ ಕೋರ್ಟ್ ತನಕ ಹೋಯಿತು. ಪರೀಕ್ಷೆ ಬೇಕೇ ಬೇಡವೇ ಎಂದು ಎಲ್ಲರೂ ಜಗಳವಾಡಿದೆವು, ಪ್ರಶ್ನೆಪತ್ರಿಕೆಯಲ್ಲಿ ಏನಿರಬೇಕೆಂದು ಚರ್ಚೆಯೇ ಆಗಲಿಲ್ಲ. ಈ ವರ್ಷದ ಮೌಲ್ಯಮಾಪನಕ್ಕೆ ಇಂಥ ಒಂದು ಪ್ರಶ್ನೆ ಸೇರಿಸಿ ಎಂದು ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಕೇಳಲಿದ್ದೇನೆ: ‘2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ಆಗ ಒಂದು ಕೆ.ಜಿ.ಯ ಬೆಲೆ ನೂರು ರೂಪಾಯಿಗಿಂತ ಹೆಚ್ಚೋ ಕಡಿಮೆಯೋ? ಭಾಗಿಸದೆ ಹೇಳು. ಹೇಗೆ ಗೊತ್ತಾಯಿತು ಎಂದು ಬರೆ.’ ನಾಲ್ಕು ಅಂಕದಲ್ಲಿ ಮೂರು ಕೊನೆಯ ಸಾಲಿಗೆ ಇರಬೇಕು. ಚಿಂತಾಮಣಿ, ಶ್ರೀನಿವಾಸಪುರ, ಶಿಡ್ಲಘಟ್ಟ ಕಡೆಯ ಶಿಕ್ಷಕರು, ಪೋಷಕರು ಇದನ್ನು ಓದುತ್ತಿದ್ದರೆ ನಿಮ್ಮ ಮಕ್ಕಳಿಗೂ ಕೇಳಿ, ಅವರು ಕೊಟ್ಟ ಕಾರಣವನ್ನು ಅವರದೇ ಮಾತಿನಲ್ಲಿ ಇಲ್ಲಿ ಬರೆಯಿರಿ. ಸಭೆಗೆ ಹೋಗುವಾಗ ಅವನ್ನೆಲ್ಲ ಒಯ್ಯುತ್ತೇನೆ.