ಮೂರನೆಯ ಚೌಕದ ನಿವಾಸಿ

ಸಮಯ ಉಳಿಸುವ ತರಬೇತಿಯೊಂದನ್ನು ಮುಗಿಸಿಕೊಂಡು ಬಂದಂದಿನಿಂದ ನಮ್ಮ ಮನೆಯವರಿಗೆ ಯಾವುದಕ್ಕೂ ಸಮಯ ಸಿಗುತ್ತಿಲ್ಲ. ಕಚೇರಿಯ ಖರ್ಚಿನಲ್ಲಿ ಕಲಿತ ವಿದ್ಯೆಯನ್ನು ಕಚೇರಿಯಲ್ಲೇ ಬಿಟ್ಟು ಬರಬಹುದಿತ್ತು. ಅವರು ಅದನ್ನು ಮನೆಗೆ ತಂದು, ಫ್ರಿಡ್ಜಿನ ಬಾಗಿಲಿಗೆ ಅಂಟಿಸಿ, ದಿನಾ ಬೆಳಿಗ್ಗೆ ಅದರೆದುರು ಕೈಕಟ್ಟಿ ನಿಲ್ಲುತ್ತಾರೆ. ಹಾಲು ತೆಗೆಯಬೇಕಾದ ನಾನು ಅವರ ಧ್ಯಾನ ಮುಗಿಯುವವರೆಗೆ ಕಾಯಬೇಕು.

ಅಂಟಿಸಿರುವುದು ನಾಲ್ಕು ಚೌಕಗಳ ಒಂದು ಹಾಳೆ. ತುರ್ತೂ ಮುಖ್ಯವೂ ಆದದ್ದನ್ನು ಕೂಡಲೇ ಮಾಡಬೇಕು. ಮುಖ್ಯವಾದರೂ ತುರ್ತಲ್ಲದ್ದಕ್ಕೆ ದಿನ ಗೊತ್ತುಮಾಡಬೇಕು. ತುರ್ತಾದರೂ ಮುಖ್ಯವಲ್ಲದ್ದನ್ನು ಬೇರೆಯವರಿಗೆ ವಹಿಸಬೇಕು. ಎರಡೂ ಅಲ್ಲದ್ದನ್ನು ಕೈಬಿಡಬೇಕು. ಈ ಚೌಕಗಳಿಗೆ ಅಮೆರಿಕದ ಅಧ್ಯಕ್ಷರಾಗಿದ್ದ ಐಸೆನ್‌ಹೋವರ್ ಅವರ ಹೆಸರಿದೆ. ತುರ್ತಾದದ್ದು ಮುಖ್ಯವಲ್ಲ, ಮುಖ್ಯವಾದದ್ದು ಎಂದೂ ತುರ್ತಲ್ಲ ಎಂಬ ಮಾತನ್ನು ಅವರು 1954ರ ಭಾಷಣವೊಂದರಲ್ಲಿ ಆಡಿದರು; ಅದೂ ತಮ್ಮದಲ್ಲ, ಕಾಲೇಜೊಂದರ ಮಾಜಿ ಮುಖ್ಯಸ್ಥರದು ಎಂದು ಅಲ್ಲೇ ಹೇಳಿದರು. ಚೌಕಗಳನ್ನು ಗೀಚಿದವರು ಆಮೇಲಿನವರು. ಮಾತು ಒಬ್ಬರದು, ಗೆರೆ ಇನ್ನೊಬ್ಬರದು, ಹೆಸರು ಮಾತ್ರ ಅಧ್ಯಕ್ಷರದು. ಮೂರನೆಯ ಚೌಕವನ್ನು ಇದಕ್ಕಿಂತ ಚೆನ್ನಾಗಿ ಬಳಸಿಕೊಂಡವರು ನಮ್ಮ ಮನೆಯಲ್ಲಿ ಮಾತ್ರ ಇದ್ದಾರೆ.

ಆ ಚೌಕದ ‘ಬೇರೆಯವರು’ ಯಾರೆಂದು ತರಬೇತಿ ಕೊಟ್ಟವರು ಹೇಳಿ ಕಳಿಸಿದಂತಿಲ್ಲ. ಅಧ್ಯಕ್ಷರಿಗಾದರೆ ಕಾರ್ಯದರ್ಶಿಗಳಿದ್ದರು, ಸೇನಾಧಿಕಾರಿಗಳಿದ್ದರು. ನಮ್ಮ ಮನೆಯಲ್ಲಿ ಇರುವವರು ಇಬ್ಬರೇ. ಹಾಳೆ ಬರೆದವರು ಒಬ್ಬರಾದ್ದರಿಂದ ಬೇರೆಯವರನ್ನು ಪತ್ತೆಹಚ್ಚಲು ಹೆಚ್ಚು ಹೊತ್ತು ಬೇಕಾಗಿಲ್ಲ. ಕರೆಂಟ್ ಬಿಲ್ ಕಟ್ಟುವುದು, ಅವರ ಅಂಗಿಗೆ ಗುಂಡಿ ಹೊಲಿಯುವುದು, ಸೋರುವ ನಲ್ಲಿಗೆ ಪ್ಲಂಬರನ್ನು ಕರೆಸುವುದು, ಎಲ್ಲವೂ ಅಲ್ಲಿವೆ. ನಾನು ಏಳುವ ಹೊತ್ತಿಗೆ ಅವರ ದಿನದ ಕೆಲಸ ಅರ್ಧ ಮುಗಿದಿರುತ್ತದೆ, ನನ್ನದು ಅಷ್ಟೇ ಬೆಳೆದಿರುತ್ತದೆ. ‘ನಲ್ಲಿ ಸೋರ್ತಾ ಇದೆಯಲ್ರೀ’ ಎಂದರೆ, ‘ಅದನ್ನು ಆಗಲೇ ವಹಿಸಿ ಆಯ್ತಲ್ಲ’ ಎನ್ನುತ್ತಾರೆ.

ಇದನ್ನಾದರೂ ಸಹಿಸಬಹುದು; ಸಹಿಸಲಾಗದ್ದು ಆ ಟೈಮರ್. 1980ರ ದಶಕದ ಕೊನೆಯಲ್ಲಿ ಇಟಲಿಯ ಫ್ರಾಂಚೆಸ್ಕೊ ಚಿರಿಲ್ಲೊ ಎಂಬ ವಿದ್ಯಾರ್ಥಿ, ಓದಿನಲ್ಲಿ ಮನಸ್ಸು ನಿಲ್ಲದೆ, ಟೊಮೆಟೊ ಆಕಾರದ ಅಡುಗೆಮನೆಯ ಟೈಮರೊಂದನ್ನು ಎದುರಿಗಿಟ್ಟುಕೊಂಡು ಕುಳಿತದ್ದರಿಂದ, 25 ನಿಮಿಷ ಕೆಲಸ, 5 ನಿಮಿಷ ವಿಶ್ರಾಂತಿ ಎಂಬ ಪದ್ಧತಿ ಹುಟ್ಟಿತು. ಪರೀಕ್ಷೆಗೆ ಓದುವವರಿಗೆ ಅದು ಒಳ್ಳೆಯದೇ ಇರಬಹುದು. ನಮ್ಮಲ್ಲಿ ನಿನ್ನೆ ರಾತ್ರಿ ನಡುಮನೆಯ ಬಲ್ಬ್ ಹೋಯಿತು. ಬಲ್ಬ್ ಬದಲಿಸಲು 25 ನಿಮಿಷ ಬೇಕೇ ಎಂದು ಕೇಳಬೇಡಿ. ಸ್ಟೂಲ್ ಹುಡುಕಿ, ಅದರ ಕುಂಟುವ ಕಾಲಿನಡಿ ಕಾಗದ ಮಡಚಿಟ್ಟು, ಯಾವ ಬಲ್ಬಿನಿಂದ ಎಷ್ಟು ವಿದ್ಯುತ್ ಉಳಿಯುತ್ತದೆಂದು ನನಗೆ ವಿವರಿಸುವಷ್ಟರಲ್ಲಿ ಹೆಚ್ಚುಕಡಿಮೆ ಅಷ್ಟೂ ಕಳೆದಿತ್ತು. ನಾನು ಒಂದು ಕೈಯಲ್ಲಿ ಸ್ಟೂಲನ್ನೂ ಇನ್ನೊಂದರಲ್ಲಿ ಟಾರ್ಚನ್ನೂ ಹಿಡಿದು ನಿಂತಿದ್ದೆ. ಅವರು ಹಳೆಯ ಬಲ್ಬನ್ನು ಕಳಚಿ ನನ್ನ ಕಂಕುಳಿಗೆ ಸಿಕ್ಕಿಸಿ, ಹೊಸದನ್ನು ಹೋಲ್ಡರಿಗೆ ಹಿಡಿದರು. ಒತ್ತಿ ತಿರುಗಿಸುವುದಷ್ಟೇ ಬಾಕಿ ಎನ್ನುವಾಗ ಟೈಮರ್ ಕಿರುಚಿತು. ಅವರು ಬಲ್ಬ್ ಸಮೇತ ಕೆಳಗಿಳಿದು, ತಡವಿಕೊಂಡು ಹೋಗಿ, ಸೋಫಾಕ್ಕೆ ಒರಗಿ ಕಣ್ಣು ಮುಚ್ಚಿದರು.

‘ರೀ, ಒಂದೇ ಒಂದು ತಿರುವು!’ ಎಂದೆ.

‘ವಿಶ್ರಾಂತಿಯಲ್ಲಿ ಕೆಲಸದ ಮಾತು ಆಡಬಾರದು’ ಎಂದು ಕತ್ತಲು ಉತ್ತರಿಸಿತು.

ಕತ್ತಲಲ್ಲಿ ಕಣ್ಣು ಮುಚ್ಚಿದರೆ ಹೆಚ್ಚಿಗೆ ಏನು ಸಿಗುತ್ತದೋ ನನಗೆ ತಿಳಿಯದು. ಟಾರ್ಚನ್ನು ಅವರ ಮುಖಕ್ಕೇ ಬಿಟ್ಟೆ, ರೆಪ್ಪೆ ಅಲುಗಲಿಲ್ಲ. ಅಷ್ಟು ಹೊತ್ತೂ ನಾನು ಖಾಲಿ ಸ್ಟೂಲನ್ನು ಹಿಡಿದೇ ನಿಂತಿದ್ದೆ. ಕೈಬಿಟ್ಟಿದ್ದರೆ ಮಡಚಿಟ್ಟ ಕಾಗದ ಜಾರುತ್ತಿತ್ತು. ಅದನ್ನು ಸರಿಪಡಿಸಲು ಇನ್ನೊಂದು 25 ನಿಮಿಷದ ಕಂತು ಬೇಕಾಗುತ್ತಿತ್ತು.

ಕೈಯಲ್ಲಿರುವ ಸಮಯ ತುಂಬುವಷ್ಟೂ ಕೆಲಸ ಹಿಗ್ಗುತ್ತದೆ ಎಂದು ಸಿ. ನಾರ್ತ್‌ಕೋಟ್ ಪಾರ್ಕಿನ್ಸನ್ 1955ರಲ್ಲಿ ‘ದಿ ಎಕನಾಮಿಸ್ಟ್’ ಪತ್ರಿಕೆಯಲ್ಲಿ ಬರೆದಾಗ, ಬಿಡುವಾಗಿರುವ ಒಬ್ಬ ಅಜ್ಜಿಯನ್ನು ಉದಾಹರಣೆಗೆ ತಂದರು. ಆಕೆ ಸೋದರಸೊಸೆಗೆ ಒಂದು ಕಾರ್ಡ್ ಬರೆದು ಕಳಿಸುವುದರಲ್ಲೇ ಇಡೀ ದಿನ ಕಳೆಯುತ್ತಾಳೆ: ಕಾರ್ಡ್ ಹುಡುಕಲು ಒಂದು ಗಂಟೆ, ಕನ್ನಡಕ ಹುಡುಕಲು ಇನ್ನೊಂದು ಗಂಟೆ, ಅಂಚೆಪೆಟ್ಟಿಗೆಯವರೆಗೆ ಕೊಡೆ ಒಯ್ಯಬೇಕೇ ಬೇಡವೇ ಎಂಬ ಯೋಚನೆಗೆ 20 ನಿಮಿಷ. ಓದಿದವರೆಲ್ಲ ನಗುತ್ತಾರೆ, ನನಗೆ ಹೊಟ್ಟೆಕಿಚ್ಚಾಯಿತು. ಒಂದು ಹುಡುಗಿಗಾಗಿ ಒಂದು ಹಗಲನ್ನೇ ಕೊಟ್ಟ ಆಕೆಗೆ ಯಾವ ಚೌಕವೂ ಬೇಕಾಗಲಿಲ್ಲ. ನಮ್ಮ ಚಿಕ್ಕಮ್ಮನಿಗೆ ಈಗ ಕಿವಿ ಮಂದ, ಫೋನಿನಲ್ಲಿ ಮಾತು ಸಾಗದು. ಅವರಿಗೊಂದು ಉದ್ದನೆಯ ಪತ್ರ ಬರೆಯಬೇಕೆಂದು ಎಷ್ಟೋ ಕಾಲದಿಂದ ಅಂದುಕೊಳ್ಳುತ್ತಿದ್ದೇನೆ. ಅದು ಮುಖ್ಯ, ತುರ್ತಲ್ಲ. ಮೂರನೆಯ ಚೌಕದಲ್ಲಿ ವಾಸವಿರುವವರಿಗೆ ಎರಡನೆಯದಕ್ಕೆ ಹೋಗಿಬರಲು ಯಾರು ರಜೆ ಕೊಡುತ್ತಾರೆ?

ಇಂದು ಬೆಳಿಗ್ಗೆ ಅವರ ಹಾಳೆಯ ಪಕ್ಕದಲ್ಲಿ ನನ್ನದೂ ಒಂದನ್ನು ಅಂಟಿಸಿ, ಮೂರನೆಯ ಚೌಕದಲ್ಲಿ ‘ನಲ್ಲಿ’ ಎಂದು ಬರೆದೆ. ಅವರು ಬಹಳ ಹೊತ್ತು ನೋಡಿ, ಕೊನೆಗೂ ನಾನು ಪದ್ಧತಿಗೆ ಒಲಿದೆನೆಂದು ಸಂತೋಷಪಟ್ಟು, ಪೆನ್ನು ತೆಗೆದು ನಲ್ಲಿಯನ್ನು ಮೊದಲನೆಯ ಚೌಕಕ್ಕೆ ಸಾಗಿಸಿದರು. ವಹಿಸಿಕೊಂಡವರು ಮತ್ತೊಬ್ಬರಿಗೆ ವಹಿಸುವಂತಿಲ್ಲ ಎಂದು ತರಬೇತಿಯಲ್ಲಿ ಹೇಳಿದ್ದಾರಂತೆ. ಪ್ಲಂಬರಿಗೆ ನಾನೇ ಫೋನ್ ಮಾಡಿದೆ. ಸಂಜೆ ಬರುತ್ತೇನೆ ಎಂದಿದ್ದಾನೆ. ಅವನ ಬಳಿ ಟೈಮರ್ ಇಲ್ಲವೆಂಬುದನ್ನು ಮೊದಲೇ ಕೇಳಿ ತಿಳಿದುಕೊಂಡಿದ್ದೇನೆ.