ಕವರಿಗೊಂದು ಕವರು

ಮೊನ್ನೆ ಸಂಜೆ ನಮ್ಮ ಬಡಾವಣೆಯ ಮೆಡಿಕಲ್ ಶಾಪಿನಲ್ಲಿ ನನ್ನ ಮುಂದೆ ಒಬ್ಬರು ನಿಂತಿದ್ದರು. ನಲವತ್ತರ ಆಸುಪಾಸು. ಮೊದಲು ಕೆಮ್ಮಿನ ಔಷಧಿ ಕೇಳಿದರು. ಆಮೇಲೆ ಒಂದು ಸೋಪು. ಆಮೇಲೆ ನಾಲ್ಕು ಒಆರ್‌ಎಸ್ ಪೊಟ್ಟಣ. "ನೀವು ಮುಂದೆ ಬನ್ನಿ, ನಂದು ಲೇಟಾಗುತ್ತೆ" ಅಂತ ನನಗೆ ಜಾಗ ಬಿಟ್ಟರು. ಕೆಮ್ಮೂ ಭೇದಿಯೂ ಒಟ್ಟಿಗೆ ಬಂದಿದೆ, ಪಾಪ ಅಂದುಕೊಂಡೆ. ನನ್ನ ಬಿಪಿ ಮಾತ್ರೆಗೆ ದುಡ್ಡು ಕೊಡುವಾಗ ವಿಷಯ ತಿಳಿಯಿತು. ಅವರ ಕಣ್ಸನ್ನೆ ಅರ್ಥವಾಗಿ ಅಂಗಡಿ ಹುಡುಗ ಕೆಳಗೆ ಬಗ್ಗಿದ. ಪುಟ್ಟ ಡಬ್ಬಿಯೊಂದನ್ನು ತೆಗೆದು ಹಳೆ ಪೇಪರಿನಲ್ಲಿ ಸುತ್ತಿದ. ರಬ್ಬರ್ ಬ್ಯಾಂಡ್ ಹಾಕಿದ. ಕಪ್ಪು ಕವರಿಗಾಗಿ ಡ್ರಾಯರ್ ಹುಡುಕತೊಡಗಿದ.

ಕಾಂಡೋಮ್ ಅಂದರೇನೇ ಒಂದು ಕವರು. ಅದಕ್ಕೊಂದು ಪೇಪರು, ಪೇಪರಿಗೊಂದು ಕಪ್ಪು ಕವರು. ಒಳಗಿನದು ರೋಗ ತಡೆಯಲಿಕ್ಕೆ, ಹೊರಗಿನವು ಪಕ್ಕದ ಮನೆಯವರನ್ನು ತಡೆಯಲಿಕ್ಕೆ. ನಮಗೆ ಜಾಸ್ತಿ ನಂಬಿಕೆ ಇರೋದು ಹೊರಗಿನವುಗಳ ಮೇಲೆ. ಇನ್ನೊಂದು ತಮಾಷೆ ನೋಡಿ. ನಮ್ಮ ರಾಜ್ಯದಲ್ಲಿ 2016ರಿಂದ ಪ್ಲಾಸ್ಟಿಕ್ ಕೈಚೀಲ ನಿಷೇಧ. ಒಳಗಿನ ಮಾಲಿಗೆ ಸರ್ಕಾರ ಜಿಎಸ್‌ಟಿಯನ್ನೂ ಹಾಕಿಲ್ಲ. ಅಂದರೆ ಮುಚ್ಚಿಟ್ಟ ವಸ್ತು ಸಕ್ರಮ, ಮುಚ್ಚಿದ ಕವರು ಅಕ್ರಮ.

ಸುತ್ತಿದ ಪೇಪರಿನಲ್ಲಿ ಒಂದು ಜಾಹೀರಾತು ಕಣ್ಣಿಗೆ ಬಿತ್ತು. "ಗುಪ್ತರೋಗಗಳಿಗೆ ಗ್ಯಾರಂಟಿ ಚಿಕಿತ್ಸೆ." ಎಂಥ ಹೆಸರು ಇಟ್ಟಿದ್ದೇವೆ ಅಲ್ವಾ? ಮಂತ್ರಿಗಳ ಹಾಗೆ ಈ ರೋಗಗಳೂ ಗೋಪ್ಯತೆಯ ಪ್ರಮಾಣವಚನ ತೆಗೆದುಕೊಂಡಿವೆ. ವ್ಯತ್ಯಾಸ ಏನಂದರೆ, ರೋಗಗಳು ಕೊಟ್ಟ ಮಾತು ಉಳಿಸಿಕೊಳ್ಳುತ್ತವೆ. ಕ್ಲಮಿಡಿಯಾ ಅನ್ನುವ ಲೈಂಗಿಕ ಸೋಂಕು ಅಂಟಿದ ಹೆಂಗಸರಲ್ಲಿ ಹೆಚ್ಚಿನವರಿಗೆ ನೋವಿಲ್ಲ, ಉರಿಯಿಲ್ಲ, ಏನೂ ಗೊತ್ತಾಗೋದಿಲ್ಲ. ಅದು ಸುಮ್ನೆ ಒಳಗೆ ಕೂತು ಕೆಲವರ ಗರ್ಭನಾಳವನ್ನೇ ಮುಚ್ಚಿಬಿಡುತ್ತದೆ. ಮಕ್ಕಳಾಗಲಿಲ್ಲ ಅಂತ ನಾವು ಸೊಸೆಯನ್ನು ಕುಕ್ಕೆಗೆ ಕರೆದುಕೊಂಡು ಹೋಗಿ ಸರ್ಪಸಂಸ್ಕಾರ ಮಾಡಿಸುತ್ತೇವೆ. ಆ ಹಾವಿಗೂ ಇದಕ್ಕೂ ಸಂಬಂಧವೇ ಇಲ್ಲ. ಗಂಡನನ್ನು ಒಂದು ಟೆಸ್ಟಿಗೆ ಕರೆದುಕೊಂಡು ಹೋಗೋಣ ಅಂದರೆ ಮನೆ ಮರ್ಯಾದೆ ಹೋಗುತ್ತದೆ.

ನಾವು ಹುಟ್ಟಾ ಹೀಗಿರಲಿಲ್ಲ. 1968ರಲ್ಲಿ ಸರ್ಕಾರ 'ನಿರೋಧ್' ತಂದಾಗ ಬೆಲೆ 15 ಪೈಸೆಗೆ ಮೂರು. ಚಹಾಪುಡಿ, ಸೋಪು, ಸಿಗರೇಟು ಮಾರುವ ದೊಡ್ಡ ಕಂಪನಿಗಳ ಮೂಲಕ ಅದನ್ನು ಹಂಚಿಸಿದರು. ಅಂದರೆ ಶೆಟ್ಟರ ಕಿರಾಣಿ ಅಂಗಡಿಯಲ್ಲಿ ಬೆಲ್ಲ, ಬೇಳೆಯ ಪಕ್ಕದಲ್ಲೇ ಅದು ಕೂತಿತ್ತು. ಅದಕ್ಕೆ ಮೊದಲು 'ಕಾಮರಾಜ್' ಅಂತ ಹೆಸರಿಡಲು ಹೊರಟಿದ್ದರಂತೆ. ಆಗ ಕಾಂಗ್ರೆಸ್ಸಿನ ದೊಡ್ಡ ನಾಯಕರ ಹೆಸರೂ ಅದೇ ಆಗಿದ್ದರಿಂದ ಕೈಬಿಟ್ಟರು ಅನ್ನುವ ಕತೆ ಇದೆ. ಇವತ್ತು ನಮ್ಮ ಬೆಳಗಾವಿ ಜಿಲ್ಲೆಯ ಕಣಗಲಾದಲ್ಲೇ ಸರ್ಕಾರಿ ಕಂಪನಿಯ ಕಾಂಡೋಮ್ ಕಾರ್ಖಾನೆ ಇದೆ. ಕುಂದಾದ ಬಗ್ಗೆ ಹೆಮ್ಮೆ ಪಡುವವರು ಯಾರೂ ಇದರ ಸುದ್ದಿ ಎತ್ತೋದಿಲ್ಲ.

ನಮ್ಮ ಪಾರ್ಕಿನ ಕಲ್ಲುಬೆಂಚಿನಲ್ಲಿ ಈ ವಿಷಯ ಒಮ್ಮೆ ಬಂತು. ಒಬ್ಬರು ದನಿ ತಗ್ಗಿಸಿ, "ಅದರಲ್ಲಿ ಕಣ್ಣಿಗೆ ಕಾಣದ ತೂತು ಇರುತ್ತವಂತೆ, ವೈರಸ್ ಸಲೀಸಾಗಿ ದಾಟುತ್ತಂತೆ" ಅಂದರು. ಇದು ಅವರ ಸ್ವಂತ ಸಂಶೋಧನೆ ಏನಲ್ಲ. 2003ರಲ್ಲಿ ವ್ಯಾಟಿಕನ್ನಿನ ಕಾರ್ಡಿನಲ್ ಒಬ್ಬರು, ಅಂದರೆ ಹಿರಿಯ ಧರ್ಮಗುರು, ಇದನ್ನೇ ಹೇಳಿ ವಿಶ್ವ ಆರೋಗ್ಯ ಸಂಸ್ಥೆಯಿಂದ ಬೈಸಿಕೊಂಡಿದ್ದರು. ಅಸಲಿಗೆ ಕಾರ್ಖಾನೆಯಲ್ಲಿ ಒಂದೊಂದಕ್ಕೂ ಕರೆಂಟು ಕೊಟ್ಟು ತೂತಿದೆಯಾ ಅಂತ ನೋಡುತ್ತಾರೆ. ಸ್ಯಾಂಪಲ್ ತೆಗೆದು ನೀರು ತುಂಬುತ್ತಾರೆ, ಗಾಳಿ ಊದುತ್ತಾರೆ. ಸಾಮಾನ್ಯ ಅಳತೆಯದ್ದು 18 ಲೀಟರ್ ಗಾಳಿ ಹಿಡಿಸುವ ತನಕ ಒಡೆಯಬಾರದು. ಹೆಚ್ಚುಕಮ್ಮಿ ನಮ್ಮ ಮನೆಯ ಕುಡಿಯುವ ನೀರಿನ ಕ್ಯಾನಿನಷ್ಟು! ತೂತಿನ ಬಗ್ಗೆ ಇಷ್ಟು ಚಿಂತೆ ಇರುವ ಆ ಹಿರಿಯರು ಮನೆಯಿಂದ ಪಾರ್ಕಿಗೆ ಬರುವ ರಸ್ತೆಯನ್ನು ಒಮ್ಮೆಯೂ ಬಗ್ಗಿ ನೋಡಿಲ್ಲ.

ಇನ್ನೊಬ್ಬರು ನಿವೃತ್ತ ಮೇಷ್ಟ್ರು. "ನೂರಕ್ಕೆ ನೂರು ರಕ್ಷಣೆ ಇಲ್ಲವಂತಲ್ಲ, ಹಾಗಾದರೆ ಯಾಕೆ ಬೇಕು?" ಅಂದರು. ಪಿಯುಸಿಯಲ್ಲಿ 98 ಬಂದರೆ ಆ ಎರಡು ಎಲ್ಲಿ ಹೋಯಿತು ಅಂತ ಮಕ್ಕಳನ್ನು ಗದರುವ ಊರಿದು. ಕಾಂಡೋಮಿನ ಮಾರ್ಕ್ಸ್ ಕಾರ್ಡನ್ನೂ ಹಾಗೇ ನೋಡುತ್ತೇವೆ. ಎಚ್‌ಐವಿ ಪೇಪರಿನಲ್ಲಿ ಅದಕ್ಕೆ ಸುಮಾರು 80. ಪ್ರತಿ ಸಲ ತಪ್ಪದೆ ಬಳಸಿದವರಲ್ಲಿ ಸೋಂಕು ಅಷ್ಟು ಕಡಿಮೆ. ಗೊನೊರಿಯಾ, ಕ್ಲಮಿಡಿಯಾದಲ್ಲೂ ಒಳ್ಳೆಯ ಅಂಕ, ಯಾಕೆಂದರೆ ಅವು ದ್ರವದ ಮೂಲಕ ಹೋಗುವ ಗಿರಾಕಿಗಳು. ಹರ್ಪಿಸ್, ಗರ್ಭಕೊರಳಿನ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್, ಸಿಫಿಲಿಸ್ ಇವುಗಳಲ್ಲಿ ಮಾತ್ರ ಕಡಿಮೆ. ಅವು ಚರ್ಮದಿಂದ ಚರ್ಮಕ್ಕೆ ದಾಟುತ್ತವೆ. ಕವರು ಮುಚ್ಚದ ಜಾಗದಲ್ಲಿ ಹುಣ್ಣಿದ್ದರೆ ಅದು ಸಿಲಬಸ್ಸಿನಿಂದ ಹೊರಗಿನ ಪ್ರಶ್ನೆ. ಎಚ್‌ಪಿವಿಗೆ ಬೇರೆ ಟ್ಯೂಷನ್ ಇದೆ, ಲಸಿಕೆ ಅಂತ. ಇಷ್ಟೆಲ್ಲ ಹೇಳಿದೆ. ಮೇಷ್ಟ್ರು ತಲೆಯಾಡಿಸಿ, ಅರ್ಧ ಹೆಲ್ಮೆಟ್ಟನ್ನು ಕೊಂಕುಳಲ್ಲಿ ಇಟ್ಟುಕೊಂಡು ಹೊರಟರು. ಅದು ಯಾವ ಪೇಪರಿನಲ್ಲಿ ನೂರು ತೆಗೆದಿತ್ತೋ ಕೇಳೋದು ಮರೆತೆ.

ಕಳೆದುಹೋದ ಅಂಕಗಳಲ್ಲಿ ರಬ್ಬರಿನ ತಪ್ಪು ಎಷ್ಟು, ನಮ್ಮದೆಷ್ಟು ಅನ್ನೋದು ಬಸಿರಿನ ಲೆಕ್ಕದಲ್ಲಿ ಕಾಣುತ್ತದೆ. ಪ್ರತಿ ಸಲ ಸರಿಯಾಗಿ ಬಳಸಿದರೆ ನೂರು ಜೋಡಿಯಲ್ಲಿ ವರ್ಷಕ್ಕೆ ಎರಡು ಕಡೆ ಬಸಿರಾಗುತ್ತದೆ. ಜನ ನಿಜವಾಗಿ ಬಳಸುವ ಥರ ಬಳಸಿದರೆ 13 ಕಡೆ. ಪರ್ಸಿನಲ್ಲಿ ವರ್ಷಗಟ್ಟಲೆ ಇಟ್ಟು ಇಸ್ತ್ರಿ ಮಾಡಿದ್ದು, ಹಲ್ಲಿನಿಂದ ಪೊಟ್ಟಣ ಹರಿದದ್ದು, ಒಂದಿದ್ದರೆ ಒಳ್ಳೇದು ಎರಡಿದ್ದರೆ ಇನ್ನೂ ಒಳ್ಳೇದು ಅಂತ ಒಂದರ ಮೇಲೊಂದು ಹಾಕಿದ್ದು, ಎಲ್ಲಾ ಇದರಲ್ಲಿ ಸೇರಿತು. ಜತೆಗೆ ನಮ್ಮ ಕಲ್ಪವೃಕ್ಷ. ತಲೆಗೆ, ಸುಟ್ಟ ಗಾಯಕ್ಕೆ, ಕಿರುಗುಟ್ಟುವ ಬಾಗಿಲಿಗೆ, ಎಲ್ಲದಕ್ಕೂ ಕೊಬ್ಬರಿ ಎಣ್ಣೆ ಹಚ್ಚುವ ನಾಡು ಇದಕ್ಕೂ ಹಚ್ಚಿದರೆ ಆಶ್ಚರ್ಯವಿಲ್ಲ. ಎಣ್ಣೆ ತಾಗಿದರೆ ಕಾಂಡೋಮಿನ ಲೇಟೆಕ್ಸ್ ರಬ್ಬರು ನಿಮಿಷಗಳಲ್ಲೇ ಸಡಿಲವಾಗುತ್ತದೆ. ತಿಪಟೂರಿನ ತೆಂಗಿನದಾದರೂ ಅಷ್ಟೇ.

ಇದನ್ನೆಲ್ಲ ಯಾರಾದರೂ ಹೇಳಿಕೊಡಬೇಕಿತ್ತಲ್ಲ? ಲೈಂಗಿಕ ಶಿಕ್ಷಣ ಅಂತ ಹೇಳಿಕೊಡಲು ಬಂದವರನ್ನು 2007ರಲ್ಲೇ ಹಲವು ರಾಜ್ಯಗಳು ಶಾಲೆಯ ಗೇಟಿನಲ್ಲೇ ತಡೆದವು. ನಮ್ಮದೂ ಆ ಸಾಲಿನಲ್ಲಿತ್ತು. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ, ಕಾಂಡೋಮ್ ಜಾಹೀರಾತನ್ನು ಟೀವಿಯಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರ ಒಳಗೆ ಮಾತ್ರ ತೋರಿಸಿ ಅಂತ ಸೂಚನೆ ಕೊಟ್ಟಿತು. ಮಕ್ಕಳು ನೋಡಿಬಿಡುತ್ತವಲ್ಲ! ಸುತ್ತೋಲೆಯ ಪ್ರತಿ ಗೊನೊರಿಯಾಕ್ಕೆ ತಲುಪಿದಂತಿಲ್ಲ, ಅದು ಮಧ್ಯಾಹ್ನವೂ ಡ್ಯೂಟಿ ಮಾಡುತ್ತಿದೆ. 2022ರ ನವೆಂಬರಿನಲ್ಲಿ ಬೆಂಗಳೂರಿನ ಕೆಲವು ಶಾಲೆಗಳು ಮಕ್ಕಳ ಬ್ಯಾಗು ತಡಕಿದಾಗ ಸಿಗರೇಟು, ಲೈಟರ್ ಜತೆ ಕಾಂಡೋಮ್ ಕೂಡ ಸಿಕ್ಕಿತು ಅಂತ ಸುದ್ದಿ ಬಂತು. ಟೀವಿಯಲ್ಲಿ ಎರಡು ದಿನ ಊಟ ನಿದ್ದೆ ಬಿಟ್ಟು ಚರ್ಚೆ. ಸಿಗರೇಟು ಕ್ಯಾನ್ಸರ್ ತರುವ ಸಾಮಾನು, ಇದು ರೋಗ ತಡೆಯುವ ಸಾಮಾನು. ಎರಡನ್ನೂ ಒಂದೇ ಮೇಜಿನ ಮೇಲೆ ಹರಡಿ ಫೋಟೋ ಹೊಡೆಯುವ ಕಲೆ ನಮಗೆ ಮಾತ್ರ ಗೊತ್ತು.

ಪೊಲೀಸರೂ ಅದನ್ನೇ ಮಾಡುತ್ತಾರೆ. ದಾಳಿಯ ಸುದ್ದಿ ಓದಿ: "ನಗದು, ಮೊಬೈಲ್, ಕಾಂಡೋಮ್ ವಶ." ಆರೋಗ್ಯ ಇಲಾಖೆ ಬೆಳಗ್ಗೆ ಪುಕ್ಕಟೆ ಕೊಟ್ಟದ್ದನ್ನು ಗೃಹ ಇಲಾಖೆ ರಾತ್ರಿ ಸಾಕ್ಷಿ ಅಂತ ಎತ್ತಿಕೊಳ್ಳುತ್ತದೆ. ಇದರ ನಡುವೆಯೇ ಮೈಸೂರಿನ ಲೈಂಗಿಕ ಕಾರ್ಯಕರ್ತೆಯರು ಆಶೋದಯ ಅಂತ ಸಂಘಟನೆ ಕಟ್ಟಿಕೊಂಡು, ಕ್ಲಿನಿಕ್ಕು ನಡೆಸಿ, ಒಬ್ಬರಿಗೊಬ್ಬರು ಹೇಳಿಕೊಟ್ಟರು. 2004 ಮತ್ತು 2006ರ ಸಮೀಕ್ಷೆಗಳ ನಡುವೆ ಅವರಲ್ಲಿ ಸಿಫಿಲಿಸ್ ಶೇ. 25ರಿಂದ 12ಕ್ಕೆ ಇಳಿಯಿತು. ಆದರೆ ಅದೇ ಸಮೀಕ್ಷೆಯಲ್ಲಿ ಇನ್ನೊಂದು ಅಂಕಿ ಇದೆ. ಯಾವಾಗಲೋ ಒಮ್ಮೆ ಬರುವ ಗಿರಾಕಿಗಳ ಜತೆ ಶೇ. 90ರಷ್ಟು ಬಳಕೆಯಾದ ಕಾಂಡೋಮ್, ತಮ್ಮದೇ ಗಂಡಸಿನ ಜತೆ ಬರೀ ಶೇ. 30. ಪರಿಚಯದವರ ಹತ್ತಿರ ವೈರಸ್ ಮುಖ ನೋಡಿ ಸುಮ್ಮನಾಗುತ್ತದೆ ಅನ್ನುವ ನಂಬಿಕೆ ಬಡಾವಣೆಗೂ ಬಸ್‌ಸ್ಟ್ಯಾಂಡಿಗೂ ಒಂದೇ.

ಅಂದಹಾಗೆ ಮೆಡಿಕಲ್ ಶಾಪಿನಲ್ಲಿ ನಮ್ಮವರು ಇನ್ನೂ ನಿಂತೇ ಇದ್ದರು. ಹುಡುಗ ಎರಡು ಡ್ರಾಯರ್ ಜಾಲಾಡಿ, "ಸಾರ್, ಕಪ್ಪು ಕವರು ಖಾಲಿ, ಮಾರ್ಷಲ್‌ಗಳು ಬಂದು ದಂಡ ಹಾಕ್ತಾರೆ ಅಂತ ಓನರು ತರಿಸಿಲ್ಲ. ಬಟ್ಟೆ ಚೀಲ ಇದೆಯಾ?" ಅಂದ. ಅವರು ಆಚೀಚೆ ನೋಡಿದರು. ಸ್ಕೂಟರಿನ ಡಿಕ್ಕಿ ತೆಗೆದು ಯಾವುದೋ ಮದುವೆಯ ತಾಂಬೂಲದ ಚೀಲ ತಂದರು. ಒಣಗಿದ ವೀಳ್ಯದೆಲೆಯೊಂದನ್ನು ಕೊಡವಿ, ಡಬ್ಬಿಯನ್ನು ಒಳಗಿಟ್ಟು, ಮೇಲೆ ಒಆರ್‌ಎಸ್ ಮುಚ್ಚಿದರು. ಚೀಲದ ಮೇಲೆ ಗಣಪತಿಯ ಕೆಳಗೆ ಕೆಂಪಕ್ಷರದಲ್ಲಿ ಬರೆದಿತ್ತು: "ತಮ್ಮ ಆಶೀರ್ವಾದವೇ ಉಡುಗೊರೆ."