ಮುಯ್ಯಿ ಪುಸ್ತಕಕ್ಕೆ ಲಾಗಿನ್ ಇಲ್ಲ

ದೊಡ್ಡಮ್ಮನ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಜಗುಲಿಯ ಎಡಗಡೆ ಕಂಬದ ಹತ್ತಿರ ಮಾತ್ರ. ಹಾಗಾಗಿ ಸಮೀಕ್ಷೆಗೆ ಬಂದ ಹುಡುಗ ಟ್ಯಾಬ್ ಹಿಡಿದು ಆ ಕಂಬಕ್ಕೇ ಒರಗಿದ. ಸಕಲೇಶಪುರದಿಂದ ಬಸ್ಸಿನಲ್ಲಿ ಬಂದು, ಕ್ರಾಸಿನಲ್ಲಿ ಇಳಿದು, ಯಾರದೋ ಜೀಪಿಗೆ ಕೈ ಅಡ್ಡ ಹಾಕಿ ಊರು ಸೇರಿದ್ದನಂತೆ.

“ಅಮ್ಮಾ, ನಿಮ್ಮ ಮನೇಲಿ ಯಾರಾದ್ರೂ ಹಂಚಿಕೆ ಆರ್ಥಿಕತೆಯಲ್ಲಿ ತೊಡಗಿಸ್ಕೊಂಡಿದಾರಾ?”

“ಅದ್ಯಾವ ಸಂಘಾನಪ್ಪ? ನಾನು ಸ್ತ್ರೀಶಕ್ತಿ ಬಿಟ್ಟು ಇನ್ಯಾವುದಕ್ಕೂ ಸೇರಿಲ್ಲ.”

“ಸಂಘ ಅಲ್ಲಮ್ಮ. ನಿಮ್ಮ ಗಾಡಿ, ರೂಮು, ಸಾಮಾನು, ಏನಾದ್ರೂ ಬೇರೆಯವರ ಬಳಕೆಗೆ ಕೊಡ್ತೀರಾ ಅಂತ.”

“ಕೊಡದೆ? ಏಣಿ ಕೆಳಗಿನ ಮನೇಲಿದೆ. ಔಷಧಿ ಹೊಡೆಯೋ ಮಿಷನ್ನು ಮಳೆಗೆ ಮುಂಚೆ ಹೋದದ್ದು, ಯಾರ ತೋಟದಲ್ಲಿದೆಯೋ ಈಗ. ದೊಡ್ಡ ಹಂಡೆ ಮದುವೆ ಮನೆಗೆ ಹೋಗಿದೆ. ನಾವು ತಂದಿರೋದು ಆಚೆಮನೆಯವರ ಕಡುಬಿನ ಪಾತ್ರೆ.”

ಹುಡುಗನ ಮುಖ ಅರಳಿತು. “ಬಾಡಿಗೆ ಎಷ್ಟು ಬರುತ್ತಮ್ಮ?”

“ಏಣಿಗೆ ಬಾಡಿಗೆ ಇಸ್ಕೊಂಡ್ರೆ ನಾಳೆ ನಮ್ಮನೆ ನಾಟಿಗೆ ಯಾರಪ್ಪ ಬರ್ತಾರೆ?”

“ಯಾವ ಪ್ಲಾಟ್‌ಫಾರಂ ಮೂಲಕ ಕೊಡ್ತೀರಿ?”

“ಪ್ಲಾಟ್‌ಫಾರಂ ಸಕಲೇಶಪುರದ ಸ್ಟೇಷನ್ನಲ್ಲಿ ಇರೋದು. ಇಲ್ಲಿ ಬೇಲಿ ಮೇಲಿಂದ ದಾಟಿಸ್ತೀವಿ.”

ಹುಡುಗ ‘ಅನ್ವಯಿಸುವುದಿಲ್ಲ’ ಅಂತ ಒತ್ತಿದ.

ಅವನದೇನೂ ತಪ್ಪಿಲ್ಲ. ದೇಶದ ಲೆಕ್ಕ ಬರೆಯುವ ನಿಯಮಗಳೇ ಹಾಗಿವೆ. ವಿಶ್ವಸಂಸ್ಥೆಯ ಸೂತ್ರದ ಪ್ರಕಾರ ದೊಡ್ಡಮ್ಮ ಕೊಟ್ಟಿಗೆಯಲ್ಲಿ ಕರೆದ ಹಾಲು, ಮನೆಯವರೇ ಕುಡಿದರೂ, ಜಿಡಿಪಿಗೆ, ಅಂದರೆ ದೇಶದ ಒಟ್ಟು ಉತ್ಪನ್ನದ ಲೆಕ್ಕಕ್ಕೆ, ಸೇರಬೇಕು. ಹಿತ್ತಲಲ್ಲಿ ಬೆಳೆದ ಕಾಫಿಯೂ ಸೇರಬೇಕು. ಎರಡನ್ನೂ ಬೆರೆಸಿ, ಒಲೆ ಮುಂದೆ ನಿಂತು, ಲೋಟಕ್ಕೆ ಬಗ್ಗಿಸಿ ದೊಡ್ಡಪ್ಪನ ಕೈಗಿಟ್ಟರೆ ಆ ಕೆಲಸ ಮಾತ್ರ ಲೆಕ್ಕಕ್ಕಿಲ್ಲ. ಅದೇ ಲೋಟ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಬಂದರೆ ದೇಶ ಬೆಳೆಯಿತು. ಇನ್ನೂ ಒಂದು ಸ್ವಾರಸ್ಯ ಕೇಳಿ. ಸ್ವಂತ ಮನೆಯಲ್ಲಿರುವವರು ತಮಗೆ ತಾವೇ ಬಾಡಿಗೆ ಕೊಟ್ಟುಕೊಳ್ಳುತ್ತಿದ್ದಾರೆ ಅಂತ ಊಹಿಸಿ ಆ ಮೊತ್ತವನ್ನೂ ಜಿಡಿಪಿಗೆ ಕೂಡಿಸುತ್ತಾರೆ. ಯಾರೂ ಕೊಡದ, ಯಾರೂ ಇಸ್ಕೊಳ್ಳದ ಬಾಡಿಗೆಗೆ ಲೆಕ್ಕವಿದೆ. ಊರೆಲ್ಲ ಹತ್ತಿ ಇಳಿದ ಏಣಿಗಿಲ್ಲ.

ಅಳೆಯುವುದೇ ಇಲ್ಲ ಅಂತ ದೂರುವ ಹಾಗೂ ಇಲ್ಲ. 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ ಬೆಳಗಿನ ಜಾವ 4 ಗಂಟೆಯಿಂದ ಮರುದಿನ 4ರವರೆಗೆ ಅರ್ಧರ್ಧ ಗಂಟೆಯ ಲೆಕ್ಕ ಕೇಳಿ ಬರೆದುಕೊಂಡರು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರಿಗೆ ಅದರಲ್ಲಿ ದಿನಕ್ಕೆ 289 ನಿಮಿಷ ಹೋಗುತ್ತದೆ, ಮಾಡುವ ಗಂಡಸರಿಗೆ 88 ನಿಮಿಷ. (ನಮ್ಮ ದೊಡ್ಡಪ್ಪನ 88 ನಿಮಿಷ ಎಲ್ಲಿ ಬಿದ್ದಿದೆಯೋ, ಹುಡುಕಿಸುತ್ತಿದ್ದೇವೆ.) ಬರೆದುಕೊಂಡರು, ಪ್ರಕಟಿಸಿದರು, ಜಿಡಿಪಿಯ ಹೊರಗೇ ಇಟ್ಟರು.

ಬ್ರಿಟನ್ನಿನವರು ನಮಗಿಂತ ಜಾಣರು. ಅಲ್ಲಿನ ಅಂಕಿಅಂಶ ಕಚೇರಿ 2014ರಲ್ಲಿ ಮಾದಕವಸ್ತು ಮತ್ತು ವೇಶ್ಯಾವಾಟಿಕೆಯ ಅಂದಾಜು ವಹಿವಾಟನ್ನು ಜಿಡಿಪಿಗೆ ಸೇರಿಸಿಕೊಂಡಿತು. ಹಂಚಿಕೆ ಆರ್ಥಿಕತೆಯ ಸರದಿ ಬಂದಾಗ ಕೈ ನಡುಗಿತು. 2016ರಲ್ಲಿ ಮೊದಲು ಬಂದ ವರದಿ ಅದನ್ನು ಅಳೆದದ್ದಲ್ಲ, ಅಳೆಯಲು ಆಗುತ್ತದೆಯೇ ಅಂತ ಅಳೆದದ್ದು.

ನಮ್ಮಲ್ಲಿ ನೀತಿ ಆಯೋಗ 2022ರಲ್ಲೇ ಅಂಕಿ ಕೊಟ್ಟಿದೆ: ಗಿಗ್ ಕೆಲಸಗಾರರು, ಅಂದರೆ ಕಾಯಂ ನೌಕರಿಯಿಲ್ಲದೆ ಕೆಲಸ ಸಿಕ್ಕಾಗ ಸಿಕ್ಕಷ್ಟು ದುಡಿಯುವವರು, 2020-21ರಲ್ಲಿ 77 ಲಕ್ಷ, 2029-30ಕ್ಕೆ 2.35 ಕೋಟಿ. ತಲೆ ಎಣಿಸಿ ಹೇಳಿದ್ದಲ್ಲ, ಅಂದಾಜು. ತಲೆ ಎಣಿಸಬೇಕಾಗಿದ್ದ 2021ರ ಜನಗಣತಿ ಆ ವರ್ಷ ನಡೆಯಲೇ ಇಲ್ಲವಲ್ಲ. ಹಾಸನದಲ್ಲೇ ಕೂತು 36,000 ಕಿಲೋಮೀಟರ್ ಮೇಲಿರುವ ಉಪಗ್ರಹ ಎಳ್ಳಷ್ಟು ವಾಲಿದರೂ ನೆಟ್ಟಗೆ ಮಾಡುವ ಕೇಂದ್ರ ನಮ್ಮ ಜಿಲ್ಲೆಯಲ್ಲಿದೆ. ಅದೇ ಹಾಸನದ ಬಸ್‌ಸ್ಟ್ಯಾಂಡಿನ ಮುಂದೆ ಒಂದು ಷೇರ್ ಆಟೊದಲ್ಲಿ ಎಷ್ಟು ಜನ ಕೂತಿದ್ದಾರೆ ಅಂತ ಡ್ರೈವರಿಗೂ ಗೊತ್ತಿರುವುದಿಲ್ಲ. ಇಳಿಸುವಾಗ ಎಣಿಸುತ್ತಾನೆ.

ಇನ್ನು ನಮ್ಮ ಭಾವನ ಹೋಂಸ್ಟೇ. ಹಿಂದೆ ಆ ತೋಟದ ಮನೆಗೆ ಹೋದರೆ ಮೂರು ದಿನ ಬಿಡುತ್ತಿರಲಿಲ್ಲ. ಕಡುಬು, ಕೋಳಿಸಾರು, ಹೊರಡುವಾಗ ಚೀಲದ ತುಂಬ ಕಿತ್ತಳೆ. ಆಗ ಅದು ಹಂಚಿಕೆ, ಆದರೆ ಆರ್ಥಿಕತೆಯಲ್ಲ. ಈಗ ಅದೇ ಕಡುಬಿಗೆ ಆ್ಯಪಿನಲ್ಲಿ ತಲೆಗೆ 2,500 ರೂಪಾಯಿ. ಈಗ ಅದು ಆರ್ಥಿಕತೆ, ಹಂಚಿಕೆ ಎಲ್ಲಿದೆ ಅಂತ ಕೇಳಬೇಡಿ. ಅರ್ಜಿಯಲ್ಲಿ ಭಾವ ತೋರಿಸಿದ್ದು 4 ರೂಮು. ಆ್ಯಪಿನಲ್ಲಿ 9. ಕರೆಂಟಿನವರ ಪ್ರಕಾರ ಅದು ಬರೀ ವಾಸದ ಮನೆ. ಮೂರೂ ಅಧಿಕೃತ ಅಂಕಿಗಳೇ. ಎಣಿಸುವವನು ಗೇಟಿಗೆ ಬಂದರೆ ಒಳಗಿರುವ ಬೆಂಗಳೂರಿನ ಗಿರಾಕಿಗಳೆಲ್ಲ ಆ ಕ್ಷಣ ನೆಂಟರಾಗಿಬಿಡುತ್ತಾರೆ. ನಿಜವಾದ ನೆಂಟರು ನಾವು ಫೋನ್ ಮಾಡಿದರೆ, “ವೀಕೆಂಡ್ ಫುಲ್ ಕಣೋ, ಮಂಗಳವಾರ ಬಾ” ಅನ್ನುತ್ತಾನೆ.

2025ರಲ್ಲಿ ವಿಶ್ವಸಂಸ್ಥೆಯ ಅಂಕಿಅಂಶ ಆಯೋಗ ಹೊಸ ಲೆಕ್ಕಸೂತ್ರ ಒಪ್ಪಿತು. ಡಿಜಿಟಲ್ ವೇದಿಕೆಗಳ ವ್ಯವಹಾರ ಹೇಗೆ ಬರೆಯಬೇಕೆಂದು ಅದರಲ್ಲಿದೆ. ನಡುವೆ ನಿಂತು ಕಮಿಷನ್ ತಿನ್ನುವವನಿಗೆ ಕಾಲಂ ಸಿಕ್ಕಿತು. ನಡುವೆ ಯಾರೂ ಇಲ್ಲದ ಮುಯ್ಯಾಳಿಗೆ, ಅಂದರೆ ಇವತ್ತು ನಿಮ್ಮ ಗದ್ದೆಗೆ ನಾವು ಬಂದು ನಾಳೆ ನಮ್ಮ ಗದ್ದೆಗೆ ನೀವು ಬರುವ ಲೆಕ್ಕಕ್ಕೆ, ಕಾಲಂ ಇಲ್ಲ.

ಕಾಲಂ ಇಲ್ಲದಿದ್ದರೇನು, ಪುಸ್ತಕವಿದೆ. ದೊಡ್ಡಮ್ಮನ ಟ್ರಂಕಿನಲ್ಲಿರುವ ಮುಯ್ಯಿ ಪುಸ್ತಕದಲ್ಲಿ ಮಗಳ ಮದುವೆಗೆ ಯಾರು ಎಷ್ಟು ಓದಿಸಿದರು, ಯಾರು ಬರೀ ಲೋಟ ಕೊಟ್ಟು ನಾಲ್ಕು ಜನ ಉಂಡು ಹೋದರು, ಎಲ್ಲ ಇದೆ. ಅಲ್ಲಿ ಅಂದಾಜು ಅನ್ನುವ ಮಾತೇ ಇಲ್ಲ. ಹನ್ನೆರಡು ವರ್ಷದ ಹಿಂದಿನ 101 ರೂಪಾಯಿಯನ್ನು 501 ಮಾಡಿ ತಿರುಗಿಸುವಾಗ ದೊಡ್ಡಮ್ಮ ಬೆಲೆ ಏರಿಕೆಯನ್ನೂ ಹೊಂದಿಸುತ್ತಾಳೆ, ಯಾವ ಅರ್ಥಶಾಸ್ತ್ರಜ್ಞನನ್ನೂ ಕೇಳದೆ. ಹುಡುಗನಿಗೆ ತೋರಿಸಿದೆವು. ಆಸೆಯಿಂದಲೇ ನೋಡಿದ. “ಇದನ್ನ ಅಪ್‌ಲೋಡ್ ಮಾಡೋಕೆ ಆಪ್ಷನ್ ಇಲ್ಲ ಸಾರ್” ಅಂದ.

ಅಷ್ಟರಲ್ಲಿ ಟ್ಯಾಬಿನ ಚಾರ್ಜು ಮುಗಿಯಿತು. ಆಚೆಮನೆಯಿಂದ ಚಾರ್ಜರ್ ತಂದದ್ದಾಯಿತು. ಕರೆಂಟು ಹೋಯಿತು. ಕಾಯುತ್ತಾ ಎರಡು ಲೋಟ ಕಾಫಿ ಕುಡಿದ, ಅಕ್ಕಿರೊಟ್ಟಿ ಊಟ ಮಾಡಿದ, ಜಗುಲಿ ಮೇಲೇ ಸಣ್ಣದೊಂದು ನಿದ್ದೆ ತೆಗೆದ. ಕರೆಂಟು ಬಂದಮೇಲೆ ನಮ್ಮ ಮನೆಯ ಹಂಚಿಕೆ ಆರ್ಥಿಕತೆ ‘0’ ಅಂತ ಸಬ್‌ಮಿಟ್ ಮಾಡಿ, ಕೆಳಗಿನ ಮನೆಯವರ ಬೈಕಿನ ಹಿಂದೆ ಕೂತು ಕ್ರಾಸಿಗೆ ಹೋದ.

ಸಂಜೆ ದೀಪ ಹಚ್ಚಿದ ಮೇಲೆ ದೊಡ್ಡಮ್ಮ ಪುಸ್ತಕ ತೆಗೆದು ನನ್ನ ಕೈಗೆ ಪೆನ್ನು ಕೊಟ್ಟಳು.

“ಬರ್ಕೋ. ಸರ್ಕಾರದವರು: ಊಟ ಒಂದು, ಕಾಫಿ ಎರಡು. ಬೈಕಿನ ಪೆಟ್ರೋಲು ಕೆಳಗಿನ ಮನೆಯವರ ಹೆಸರಲ್ಲಿ ಬೇರೆ ಬರಿ.”

“ಯಾವ ಕಡೆ ಬರೀಲಿ ದೊಡ್ಡಮ್ಮ?”

“ಬರಬೇಕಾದ್ದರ ಕಡೆ.”